ಚುಕ್ಕಿ ಅಕ್ಷರದಲ್ಲಿ ‘ಮುಳ್ಳೇರಿಯ’ ಬರೆಯುವ ಬಗೆ

ಕಾಸರಗೋಡು ಜಿಲ್ಲೆಯ ಓದುಗರಿಂದ ಈ ಬಾರಿ ಬಂದಿರುವ ಪ್ರಶ್ನೆಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇರುವುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಅಂಗಡಿಯ ಎಲ್‌ಇಡಿ ಬೋರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಎಣ್ಣೆ ಬಾಟಲಿಯ ಮೇಲಿನ ತಾರೀಖು ಮುಂತಾದವುಗಳಲ್ಲಿ ಕಾಣುವ, ಚುಕ್ಕಿಗಳನ್ನು ಜೋಡಿಸಿ ಮಾಡಿದ ಅಕ್ಷರಗಳೇ ಆ ವಿಷಯ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ಅಂಗಡಿಯ ಮುಂದೆ ಒಂದು ಸಾಲಿನ ಎಲ್‌ಇಡಿ ಬೋರ್ಡು ಹಾಕಿಸಿದ್ದೇನೆ. ಇಂಗ್ಲಿಷ್ ಚೆನ್ನಾಗಿ ಕಾಣುತ್ತದೆ, ಮಲಯಾಳವೂ ಪರವಾಗಿಲ್ಲ. ಕನ್ನಡ ಮಾತ್ರ ಚಿಕ್ಕದಾಗಿ ಬರುತ್ತದೆ, ಒತ್ತಕ್ಷರಗಳು ಕಲಸಿಹೋಗುತ್ತವೆ. ನಮ್ಮೂರಿನ ಹೆಸರನ್ನೇ ಓದಲಾಗುವುದಿಲ್ಲ. ಬೋರ್ಡು ಕೂರಿಸಿದವರು ‘ಕನ್ನಡ ಬರುವುದೇ ಹೀಗೆ’ ಎನ್ನುತ್ತಾರೆ. ಇದು ನಿಜವೇ?
– ವ್ಯಾಪಾರಿ, ಮುಳ್ಳೇರಿಯ

ಉತ್ತರ: ನಿಜವಲ್ಲ. ಇಂಗ್ಲಿಷಿಗೆ ಸಾಕಾಗುವ ಎತ್ತರದ ಬೋರ್ಡನ್ನು ತರಿಸಿ ಅದರೊಳಕ್ಕೆ ಕನ್ನಡವನ್ನು ತುರುಕಿದ್ದರಿಂದ ಹೀಗಾಗಿದೆ. ಇದು ಕನ್ನಡ ಲಿಪಿಯ ದೋಷವಲ್ಲ, ಲೆಕ್ಕದ ದೋಷ. ಆ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಚುಕ್ಕಿ ಅಕ್ಷರಗಳ ಜಗತ್ತಿನಲ್ಲಿ ಬಹುಕಾಲದಿಂದ ನಡೆದು ಬಂದಿರುವ ಅಳತೆ ಐದು ಕಂಬಸಾಲು, ಏಳು ಅಡ್ಡಸಾಲು, ಅಂದರೆ ಒಂದು ಅಕ್ಷರಕ್ಕೆ 35 ಚುಕ್ಕಿ. ಈ ಅಳತೆ ಸುಮ್ಮನೆ ಹುಟ್ಟಿದ್ದಲ್ಲ. ಇಂಗ್ಲಿಷಿನ ದೊಡ್ಡ ‘ಇ’ಗೆ ಮೂರು ಅಡ್ಡಗೆರೆಗಳು ಬೇಕು; ಅವುಗಳ ನಡುವೆ ಎರಡೆರಡು ಸಾಲು ಖಾಲಿ ಬಿಟ್ಟರೆ ಒಟ್ಟು ಏಳಾಗುತ್ತದೆ. ದೊಡ್ಡ ‘ಎಂ’ಗೆ ಎರಡು ಬದಿಗಳಲ್ಲಿ ಕಂಬಗಳೂ ನಡುವೆ ಇಳಿದು ಏರುವ ಗೆರೆಯೂ ಬೇಕು, ಅದು ಐದು ಕಂಬಸಾಲುಗಳೊಳಗೆ ಮುಗಿಯುತ್ತದೆ. ಚುಕ್ಕಿಯೊಂದಕ್ಕೆ ಒಂದು ದೀಪ ಅಥವಾ ಒಂದು ಸೂಜಿ ಬೇಕಾಗಿದ್ದು, ಅವು ದುಬಾರಿಯೂ ಆಗಿದ್ದ ಕಾಲದಲ್ಲಿ, ರೋಮನ್ ದೊಡ್ಡಕ್ಷರಗಳನ್ನೂ ಅಂಕಿಗಳನ್ನೂ ಎಷ್ಟು ಕಡಿಮೆ ಚುಕ್ಕಿಗಳಲ್ಲಿ ಬರೆಯಬಹುದು ಎಂಬ ಪ್ರಶ್ನೆಗೆ ದೊರೆತ ಉತ್ತರ ಅದು. ಇಂಗ್ಲಿಷಿನ ಸಣ್ಣಕ್ಷರಗಳಿಗೇ ಅದು ಸಾಲುತ್ತಿರಲಿಲ್ಲ. ಗೆರೆಯಿಂದ ಕೆಳಗೆ ಬಾಲವಿರುವ ‘ಜಿ’, ‘ಪಿ’, ‘ವೈ’ಗಳು ಹಳೆಯ ಯಂತ್ರಗಳಲ್ಲಿ ಬಾಲ ಮಡಚಿಕೊಂಡು ಗೆರೆಯ ಮೇಲೆಯೇ ಕುಳಿತಿರುತ್ತಿದ್ದವು.

ಈಗ ಕನ್ನಡಕ್ಕೆ ಬನ್ನಿ. ನಮ್ಮ ಅಕ್ಷರಕ್ಕೆ ಮೂರು ಅಂತಸ್ತು: ಮೇಲೆ ತಲೆಕಟ್ಟು, ಗುಡಿಸು, ಎತ್ವಗಳಿರುವ ಪಟ್ಟಿ, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತಕ್ಷರ. ಬಹಳ ಬಿಗಿಯಾಗಿ ಹಿಡಿದರೂ ಮೇಲಿನ ಪಟ್ಟಿಗೆ 3, ಒಡಲಿಗೆ 7, ಬಿಡುವಿಗೆ 1, ಒತ್ತಿಗೆ 5 ಎಂದು 16 ಅಡ್ಡಸಾಲುಗಳು ಖರ್ಚಾಗುತ್ತವೆ. ಇದೂ ಜಿಪುಣನ ಲೆಕ್ಕವೇ. ‘ರ’ ಮತ್ತು ‘ಠ’ ಅಕ್ಷರಗಳ ನಡುವಿನ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ‘ದ’ಕ್ಕೆ ಕೆಳಗೊಂದು ಸೀಳು ಬಂದರೆ ‘ಧ’, ಅದರ ಹೊಟ್ಟೆಯಲ್ಲಿ ಚುಕ್ಕಿಯೂ ಸೇರಿದರೆ ‘ಥ’. ಇಡೀ ಅಕ್ಷರವೇ ಚುಕ್ಕಿಗಳಿಂದ ಆಗಿರುವಾಗ, ಅರ್ಥವನ್ನು ಬದಲಿಸುವ ಆ ಒಂದು ಚುಕ್ಕಿಯ ಸುತ್ತ ಕತ್ತಲೆಯ ಜಾಗ ಬಿಡದಿದ್ದರೆ ಅದು ಪಕ್ಕದ ಗೆರೆಯಲ್ಲಿ ಕರಗಿಹೋಗುತ್ತದೆ. ಅನುಸ್ವಾರದ ಸೊನ್ನೆಯೂ ಹಾಗೆಯೇ: ನಡುವೆ ಒಂದು ಚುಕ್ಕಿ ಆರಿ ಸುತ್ತ ಎಂಟು ಬೆಳಗಬೇಕು. ಮೂರಕ್ಕೆ ಮೂರು ಸಾಲುಗಳಿಗಿಂತ ಚಿಕ್ಕದಾದರೆ ಅದು ಸೊನ್ನೆಯಾಗಿ ಉಳಿಯದೆ ಪೂರ್ಣವಿರಾಮದಂತೆ ಕಾಣುತ್ತದೆ.

ಅಂಗಡಿಗಳ ಮುಂದೆ ಹೆಚ್ಚಾಗಿ ಕಾಣುವುದು ‘ಪಿ10’ ಎಂದು ಕರೆಯುವ ಫಲಕ. ಅದರಲ್ಲಿ ಅಡ್ಡಕ್ಕೆ 32, ಎತ್ತರಕ್ಕೆ 16 ದೀಪಗಳಿದ್ದು, ಒಂದು ದೀಪದಿಂದ ಇನ್ನೊಂದಕ್ಕೆ 10 ಮಿಲಿಮೀಟರ್ ಅಂತರವಿರುತ್ತದೆ. ಫಲಕದ ಅಳತೆ 320ಕ್ಕೆ 160 ಮಿಲಿಮೀಟರ್. ನಿಮ್ಮ ಬೋರ್ಡು ಇಂತಹ ಫಲಕಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ್ದಾಗಿರಬೇಕು. ಇಂಗ್ಲಿಷಿನ ದೊಡ್ಡಕ್ಷರ ಆ 16 ಸಾಲುಗಳನ್ನೂ ತುಂಬಿಕೊಂಡು ನಿಲ್ಲುತ್ತದೆ. ಕನ್ನಡಕ್ಕೆ ಅಷ್ಟೇ ಜಾಗದಲ್ಲಿ ಮೂರೂ ಅಂತಸ್ತುಗಳನ್ನು ಕೂರಿಸಬೇಕಾದ್ದರಿಂದ ಒಡಲಿಗೆ ಏಳೆಂಟು ಸಾಲುಗಳಷ್ಟೇ ಉಳಿಯುತ್ತವೆ. ಪಕ್ಕದಲ್ಲಿಟ್ಟು ನೋಡಿದಾಗ ಕನ್ನಡ ಅರ್ಧ ಗಾತ್ರದ್ದಾಗಿ ಕಾಣುವುದು ಈ ಕಾರಣದಿಂದ.

ಮಲಯಾಳ ಏಕೆ ಇಷ್ಟು ಕಷ್ಟಪಡುವುದಿಲ್ಲ ಎಂದು ನಮ್ಮ ಜಿಲ್ಲೆಯವರಿಗೆ ಸಹಜವಾಗಿ ಅನಿಸುತ್ತದೆ. ಕೇರಳ ಸರ್ಕಾರ 1971ರಲ್ಲಿ ಮಲಯಾಳ ಲಿಪಿಯನ್ನು ಟೈಪ್‌ರೈಟರಿಗೂ ಅಚ್ಚಿಗೂ ಒಗ್ಗುವಂತೆ ಪರಿಷ್ಕರಿಸಿತು. ವ್ಯಂಜನಕ್ಕೆ ಅಂಟಿಕೊಳ್ಳುತ್ತಿದ್ದ ಉಕಾರದ ಗುರುತುಗಳು ಬೇರ್ಪಟ್ಟು ಪಕ್ಕಕ್ಕೆ ಬಂದವು, ಅನೇಕ ಕೂಡಕ್ಷರಗಳು ಬಿಡಿಯಾಗಿ ಸಾಲಿನಲ್ಲಿ ನಿಂತವು. ಎಲ್ಲವೂ ಅಲ್ಲದಿದ್ದರೂ ಬಹುಪಾಲು ಅಕ್ಷರಗಳು ಉದ್ದಕ್ಕೆ ಹರಡಿಕೊಂಡಿದ್ದರಿಂದ ಎತ್ತರದ ಬೇಡಿಕೆ ತಗ್ಗಿತು. ಟೈಪ್‌ರೈಟರಿಗಾಗಿ ಮಾಡಿದ ಬದಲಾವಣೆ ಎಲ್‌ಇಡಿ ಬೋರ್ಡಿಗೂ ಒದಗಿ ಬಂದಿದೆ. ಕನ್ನಡ ಒತ್ತಕ್ಷರವನ್ನು ಕೆಳಗೇ ಉಳಿಸಿಕೊಂಡಿದೆ, ಉಳಿಸಿಕೊಳ್ಳಬೇಕು ಎಂಬುದೇ ನನ್ನ ಅಭಿಪ್ರಾಯ ಕೂಡ. ಆದ್ದರಿಂದ ಬೋರ್ಡಿನ ಎತ್ತರವನ್ನೇ ಹೆಚ್ಚಿಸಬೇಕು.

ಎರಡು ಫಲಕಗಳನ್ನು ಒಂದರ ಮೇಲೊಂದು ಕೂರಿಸಿ 32 ಸಾಲು ಮಾಡಿಸಿಕೊಳ್ಳುವುದು ಸರಿಯಾದ ಪರಿಹಾರ. ಖರ್ಚು ಹೆಚ್ಚು ಎನಿಸಿದರೆ ಬೋರ್ಡಿನ ಉದ್ದವನ್ನು ಕಡಿಮೆ ಮಾಡಿ ಎತ್ತರವನ್ನು ಹೆಚ್ಚಿಸಿ. ಓಡುವ ಅಕ್ಷರಗಳಿಗೆ ಉದ್ದ ಕಡಿಮೆಯಾದರೂ ನಡೆಯುತ್ತದೆ. ಹಣ ಕೊಡುವ ಮೊದಲು ನಮ್ಮ ಊರುಗಳ ಹೆಸರುಗಳನ್ನೇ ಪರೀಕ್ಷೆಗೆ ಕೊಡಿ. ‘ಕಾಸರಗೋಡು’, ‘ತಲಪಾಡಿ’, ‘ಮಧೂರು’ಗಳಲ್ಲಿ ಒತ್ತೇ ಇಲ್ಲದಿರುವುದರಿಂದ ಅವು ಯಾವ ಬೋರ್ಡಿನಲ್ಲಾದರೂ ಚೆನ್ನಾಗಿ ಬರುತ್ತವೆ, ಮಾರುವವರು ತೋರಿಸುವುದೂ ಅಂಥವನ್ನೇ. ‘ಪೆರ್ಲ’, ‘ನೀರ್ಚಾಲು’ಗಳಲ್ಲಿ ಅರ್ಕಾವೊತ್ತು ಗೆರೆಯ ಮೇಲೆಯೇ ಬರುವುದರಿಂದ ಅಲ್ಲಿಯೂ ಕೆಳಗಿನ ಅಂತಸ್ತು ಬೇಡ. ‘ಉಪ್ಪಳ’, ‘ಬದಿಯಡ್ಕ’, ‘ಮಂಜೇಶ್ವರ’ಗಳಲ್ಲಿ ಪರೀಕ್ಷೆ ಶುರುವಾಗುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ನಿಮ್ಮೂರೇ: ‘ಳ್ಳೇ’ ಎಂಬ ಒಂದೇ ಅಕ್ಷರದಲ್ಲಿ ಮೇಲೆ ಎತ್ವ, ಕೆಳಗೆ ಒತ್ತು, ಬದಿಯಲ್ಲಿ ದೀರ್ಘ. ‘ಮುಳ್ಳೇರಿಯ’ ಸರಿಯಾಗಿ ಓದಲು ಬಂದರೆ ಆ ಬೋರ್ಡಿನಲ್ಲಿ ಮಿಕ್ಕ ಕನ್ನಡ ಬಹುಮಟ್ಟಿಗೆ ಬರುತ್ತದೆ.

ಎತ್ತರ ಸಾಕಷ್ಟಿದ್ದರೂ ಒತ್ತಕ್ಷರ ಒಡೆದು ‘ಮುಳ್‌ಳೇರಿಯ’ ಎಂದು ಬಂದರೆ ದೋಷ ತಂತ್ರಾಂಶದ್ದು. ಬೋರ್ಡನ್ನು ನಡೆಸುವ ಕಂಟ್ರೋಲ್ ಕಾರ್ಡುಗಳಲ್ಲಿ ಒಂದು ಸಂಕೇತಕ್ಕೆ ಒಂದೇ ಚಿತ್ರ ಎಂಬ ಸರಳ ವ್ಯವಸ್ಥೆಯಿರುವಂಥವು ಅಕ್ಷರಗಳನ್ನು ಕೂಡಿಸಲಾರವು. ಅದರ ಬದಲು ಅರ್ಥವಿಲ್ಲದ ಅಕ್ಷರಗಳ ಗೋಜಲೇ ಬಂದರೆ, ನೀವು ಕೊಟ್ಟ ಪಠ್ಯ ‘ನುಡಿ’ ಅಥವಾ ‘ಶ್ರೀಲಿಪಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದಾಗಿರಬಹುದು. ಅದನ್ನು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಸಂಕೇತಪದ್ಧತಿಯಾದ ಯುನಿಕೋಡಿಗೆ ಪರಿವರ್ತಿಸಿ ಕೊಡಿ. ಎರಡಕ್ಕೂ ನಂಬಿಕಸ್ಥ ಉಪಾಯವೊಂದಿದೆ. ಬರಹವನ್ನು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಚಿತ್ರವಾಗಿ, ಬೋರ್ಡಿನ ಸಾಲುಗಳ ಎಣಿಕೆಗೆ ಸರಿಯಾಗಿ 16 ಅಥವಾ 32 ಪಿಕ್ಸೆಲ್ ಎತ್ತರದಲ್ಲಿ, ಅಂಚುಗಳನ್ನು ನಯಗೊಳಿಸುವ ಸೌಲಭ್ಯವನ್ನು ಬಂದ್ ಮಾಡಿ ತಯಾರಿಸಿಕೊಂಡು, ಆ ಚಿತ್ರವನ್ನೇ ಬೋರ್ಡಿಗೆ ಕಳುಹಿಸಬೇಕು. ದೊಡ್ಡ ಚಿತ್ರ ಮಾಡಿ ಕುಗ್ಗಿಸಿದರೆ ಮೇಲೆ ಹೇಳಿದ ‘ಠ’ದ ಚುಕ್ಕಿ ಮೊದಲು ಮಾಯವಾಗುತ್ತದೆ.

ಓದುವ ದೂರವನ್ನೂ ಗಮನಿಸಿ. ಚೆನ್ನಾಗಿ ಕಾಣುವ ಕಣ್ಣು ಡಿಗ್ರಿಯೊಂದರ ಅರುವತ್ತನೆಯ ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. ಆ ಪ್ರಕಾರ 10 ಮಿಲಿಮೀಟರ್ ಅಂತರದ ದೀಪಗಳು ಸುಮಾರು 34 ಮೀಟರ್ ದೂರದಿಂದಾಚೆಗೆ ಒಂದೇ ಗೆರೆಯಾಗಿ ಕೂಡಿಕೊಳ್ಳುತ್ತವೆ. ರಸ್ತೆಯಲ್ಲಿ ಹೋಗುವವರಿಗೆ ಪಿ10 ಸರಿ. ಅಂಗಡಿಯ ಒಳಗೆ ನಿಂತವರು ಓದಬೇಕಾದ ಬೋರ್ಡಿಗೆ 5 ಮಿಲಿಮೀಟರ್ ಅಂತರದ ಪಿ5 ಒಳ್ಳೆಯದು.

ಪ್ರಶ್ನೆ: ಇಂತಹ ಬೋರ್ಡಿನ ಫೋಟೋ ಮೊಬೈಲಿನಲ್ಲಿ ತೆಗೆದರೆ ಅರ್ಧ ಅಕ್ಷರಗಳೇ ಕಾಣುವುದಿಲ್ಲ, ಕಪ್ಪು ಪಟ್ಟಿಗಳು ಬರುತ್ತವೆ. ಬೋರ್ಡು ಕೆಟ್ಟಿದೆಯೇ?
– ಓದುಗರು, ಹೊಸಂಗಡಿ

ಉತ್ತರ: ಕೆಟ್ಟಿಲ್ಲ. ಎಲ್ಲ ದೀಪಗಳೂ ಒಮ್ಮೆಲೇ ಉರಿಯುತ್ತಿರುವುದಿಲ್ಲ; ಸಾಮಾನ್ಯ ಪಿ10 ಫಲಕದಲ್ಲಿ ಒಂದು ಕ್ಷಣಕ್ಕೆ ನಾಲ್ಕನೆಯ ಒಂದು ಭಾಗದ ಸಾಲುಗಳು ಮಾತ್ರ ಬೆಳಗುತ್ತವೆ ಮತ್ತು ಸರದಿ ಬಹಳ ಬೇಗ ಸುತ್ತುವುದರಿಂದ ಕಣ್ಣಿಗೆ ಎಲ್ಲವೂ ಒಟ್ಟಿಗೆ ಉರಿದಂತೆ ತೋರುತ್ತದೆ. ಹಗಲಿನ ಬೆಳಕಿನಲ್ಲಿ ಮೊಬೈಲು ಅದಕ್ಕಿಂತಲೂ ಚುರುಕಾಗಿ ಚಿತ್ರ ಹಿಡಿಯುತ್ತದೆ. ಸಂಜೆಯ ಹೊತ್ತು, ಶಟರ್ ವೇಗ ತಗ್ಗಿಸಿ ತೆಗೆಯಿರಿ.

ಪ್ರಶ್ನೆ: ನಮ್ಮ ಸಹಕಾರಿ ಸಂಘದಲ್ಲಿ ಇಂದಿಗೂ ಕರಕರ ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. ಇದನ್ನು ಏಕೆ ಬಿಡಲಾಗುತ್ತಿಲ್ಲ? ಇದರಲ್ಲಿ ಕನ್ನಡ ಅಚ್ಚಾಗುವುದೇ?
– ಸಹಕಾರಿ ಸಂಘದ ಸಿಬ್ಬಂದಿ, ಬದಿಯಡ್ಕ

ಉತ್ತರ: ಶಾಯಿಯ ರಿಬ್ಬನ್ನಿನ ಮೇಲೆ ಸೂಜಿಗಳು ನಿಜವಾಗಿ ಬಡಿಯುವುದರಿಂದಲೇ ಅದು ಉಳಿದುಕೊಂಡಿದೆ. ಕಾರ್ಬನ್ ಪ್ರತಿಗಳನ್ನು ಒಂದೇ ಏಟಿಗೆ ತೆಗೆಯುವ ಶಕ್ತಿ ಲೇಸರ್ ಪ್ರಿಂಟರಿಗೂ ಇಲ್ಲ, ಇಂಕ್‌ಜೆಟ್‌ಗೂ ಇಲ್ಲ. ಹೊಲಿಗೆಯ ಬಳಿ ಉಬ್ಬಿರುವ ಪಾಸ್‌ಬುಕ್ಕಿನ ಪುಟವೂ ಈ ಬಗೆಯ ಯಂತ್ರಕ್ಕೆ ಸಲ್ಲುತ್ತದೆ, ರಿಬ್ಬನ್ನೂ ಅಗ್ಗ.

ಕನ್ನಡದ ಪ್ರಶ್ನೆಗೆ ಸೂಜಿಗಳ ಎಣಿಕೆಯೇ ಉತ್ತರ. ಎಪ್ಸನ್ ಕಂಪೆನಿಯ 1980ರ ಎಂಎಕ್ಸ್-80 ಪ್ರಿಂಟರಿನಿಂದ ಮನೆಮಾತಾದ ಒಂಬತ್ತು ಸೂಜಿಯ ವ್ಯವಸ್ಥೆಯಲ್ಲಿ ಸೂಜಿಗಳ ನಡುವಿನ ಅಂತರ ಅಂಗುಲದ 72ನೆಯ ಒಂದು ಭಾಗ. ಇಂಗ್ಲಿಷಿನ ಬಾಲವಿರುವ ಅಕ್ಷರಗಳು ಮಡಚಿಕೊಳ್ಳದೆ ಗೆರೆಯಿಂದ ಕೆಳಗಿಳಿಯಲು ಆ ಒಂಬತ್ತು ಸೂಜಿಗಳು ಸಾಕಾದವು. ಇಪ್ಪತ್ತನಾಲ್ಕು ಸೂಜಿಯ ಯಂತ್ರದಲ್ಲಿ ಅಂತರ 180ನೆಯ ಒಂದು ಭಾಗ. ಎರಡೂ ಯಂತ್ರಗಳು ಒಂದು ಓಟದಲ್ಲಿ ಮುಚ್ಚುವ ಎತ್ತರ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು, ಅಂದರೆ ಹೆಚ್ಚುಕಡಿಮೆ ಒಂದೇ. ಅಷ್ಟೇ ಜಾಗದಲ್ಲಿ ಒಂದರಲ್ಲಿ 9 ಸಾಲು, ಇನ್ನೊಂದರಲ್ಲಿ 24. ಮೂರು ಅಂತಸ್ತಿನ ಕನ್ನಡಕ್ಕೆ ಒಂಬತ್ತು ಸಾಲು ಏತಕ್ಕೂ ಸಾಲದು. ಆ ಯಂತ್ರ ಕಾಗದವನ್ನು ತುಸು ಸರಿಸಿ ಅದೇ ಸಾಲಿನ ಮೇಲೆ ಮತ್ತೊಮ್ಮೆ ಓಡಿ ಕೊರತೆಯನ್ನು ತುಂಬಬಲ್ಲದಾದರೂ ಹಾಗೆ ಮಾಡಿದಾಗ ನಿಧಾನ ವಿಪರೀತ. ಆದ್ದರಿಂದ ಕನ್ನಡ ಬೇಕಿದ್ದರೆ ಇಪ್ಪತ್ತನಾಲ್ಕು ಸೂಜಿಯದನ್ನೇ ಕೊಳ್ಳಿ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿನ ತೆರೆಯ ಮೇಲೂ ಇಂತಹ ಪ್ರಿಂಟರುಗಳಲ್ಲೂ ಮೂಡಿಸುವ ಕೆಲಸಕ್ಕೆ ದಾರಿ ಮಾಡಿದ್ದು ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ. ಅದರ ಹಿಂದಿದ್ದ ‘ಇಸ್ಕಿ’ ಸಂಕೇತಪದ್ಧತಿ 1991ರಲ್ಲಿ ಭಾರತೀಯ ಮಾನಕವಾಯಿತು. ಇಂದು ಯುನಿಕೋಡ್ ಆ ಜಾಗಕ್ಕೆ ಬಂದಿದೆ, ಸೂಜಿಗಳ ಲೆಕ್ಕ ಮಾತ್ರ ಬದಲಾಗಿಲ್ಲ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗಾಗಿ ಹದಿನಾರು ಅಕ್ಷರ, ಎರಡು ಸಾಲಿನ ಎಲ್‌ಸಿಡಿಯಲ್ಲಿ ಕನ್ನಡ ಬರೆಸಲು ಸಾಧ್ಯವೇ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಹೆಸರಿಗೆ ಸಾಧ್ಯ, ಪ್ರಯೋಜನವಿಲ್ಲ. ಆ ಎಲ್‌ಸಿಡಿಗಳನ್ನು ಸಾಮಾನ್ಯವಾಗಿ ನಡೆಸುವುದು ಹಿಟಾಚಿ ಕಂಪೆನಿಯ ಎಚ್‌ಡಿ44780 ಚಿಪ್ಪು ಅಥವಾ ಅದರ ಅನುಕರಣೆ. ಅದರ ಪ್ರತಿಯೊಂದು ಮನೆಯಲ್ಲಿ ಐದು ಕಂಬಸಾಲು, ಎಂಟು ಅಡ್ಡಸಾಲು. ನಾವೇ ರೂಪಿಸಿ ತುಂಬಬಹುದಾದ ಅಕ್ಷರಗಳು ಒಮ್ಮೆಗೆ ಎಂಟು ಮಾತ್ರ. ಮನೆಗಳ ನಡುವೆ ಖಾಲಿ ಗೆರೆ ಬೇರೆ. ಜಪಾನಿನ ಕಂಪೆನಿಯಾದ್ದರಿಂದ ಅವರು ತಮ್ಮ ಕತಕಾನ ಲಿಪಿಯನ್ನು ಚಿಪ್ಪಿನೊಳಗೇ ಸೇರಿಸಿಕೊಂಡರು. ಕೋಲುಗೆರೆಗಳ ಆ ಲಿಪಿ ಐದು-ಏಳರ ಚೌಕಟ್ಟಿಗೆ ಒಗ್ಗಿಯೂ ಹೋಯಿತು. ದುಂಡನೆಯ ಕನ್ನಡಕ್ಕೆ ಅದು ಒಗ್ಗದು. ಬದಲಿಗೆ 128ಕ್ಕೆ 64 ಚುಕ್ಕಿಗಳಿರುವ ಪುಟ್ಟ ಓಎಲ್‌ಇಡಿ ತೆರೆಯನ್ನು ಬಳಸಿ. ಇಡೀ ತೆರೆಗೆ 8,192 ಚುಕ್ಕಿ, ಅಂದರೆ 1,024 ಬೈಟ್ ಸಾಕು. ಸಾಲಿಗೆ 21 ಚುಕ್ಕಿ ಎತ್ತರ ಕೊಟ್ಟರೆ ಮೂರು ಸಾಲು ಕನ್ನಡ ಲಕ್ಷಣವಾಗಿ ಹಿಡಿಸುತ್ತದೆ. ಪಠ್ಯವನ್ನು ಮೊದಲೇ ಚಿತ್ರವಾಗಿಸಿ ತುಂಬಿಕೊಳ್ಳಿ. ಉಚಿತವಾಗಿ ಸಿಗುವ ಗ್ನೂ ಯುನಿಫಾಂಟ್‌ನಲ್ಲಿ ಹದಿನಾರು ಸಾಲಿನ ಕನ್ನಡ ಅಕ್ಷರಗಳು ಇವೆಯಾದರೂ ಅದು ಒಂದು ಸಂಕೇತಕ್ಕೆ ಒಂದೇ ರೂಪವನ್ನು ಇಟ್ಟುಕೊಂಡಿರುವುದರಿಂದ ಒತ್ತಕ್ಷರಗಳು ಅದರಲ್ಲಿ ಕೂಡಿಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮ ಕಲಾಸಂಘದ ಯಕ್ಷಗಾನ ಕಾರ್ಯಕ್ರಮದ ಕರಪತ್ರವನ್ನು ಈಗ ಫ್ಯಾಶನ್ನಿನಲ್ಲಿರುವ ಹಳೆಯ ಡಿಜಿಟಲ್ ಚುಕ್ಕಿ ಅಕ್ಷರಗಳಲ್ಲಿ ಮಾಡಬೇಕೆಂದು ಹುಡುಗರ ಆಸೆ. ಯಾವ ಫಾಂಟ್ ಬಳಸಬಹುದು?
– ಸಂಘದ ಕಾರ್ಯದರ್ಶಿ, ಕುಂಬಳೆ

ಉತ್ತರ: ಹುಡುಗರ ಆಸೆಗೆ ಕಾರಣವಿದೆ. ಲಂಡನ್ನಿನ ನಥಿಂಗ್ ಕಂಪೆನಿ ತನ್ನ ಮೊಬೈಲುಗಳಲ್ಲಿ ಚುಕ್ಕಿ ಅಕ್ಷರಗಳನ್ನು ಗುರುತಾಗಿ ಬಳಸಿದ ಮೇಲೆ ಅವುಗಳಿಗೆ ಹೊಸ ಬೆಲೆ ಬಂದಿದೆ. ಗೂಗಲ್ ಫಾಂಟ್ಸ್‌ನಲ್ಲಿ ಡೋಟೊ, ಕೋಡಿಸ್ಟಾರ್, ಡಾಟ್‌ಗಾಥಿಕ್16 ಎಂಬವು ಉಚಿತವಾಗಿ ಸಿಗುತ್ತವೆ. ಅಂಕಿಗಳಿಗಾಗಿ ಹಳೆಯ ಕೈಗಡಿಯಾರದ ಏಳು ಗೀಟಿನ ರೂಪ ಬೇಕಿದ್ದರೆ ಡಿಸೆಗ್ ಇದೆ. ಇವು ಯಾವುದರಲ್ಲಿಯೂ ಕನ್ನಡವಿಲ್ಲ. ಫಾಂಟ್ ಆರಿಸಿ ಕನ್ನಡ ಟೈಪು ಮಾಡಿದರೆ ಕಂಪ್ಯೂಟರು ಸದ್ದಿಲ್ಲದೆ ಬೇರೊಂದು ಕನ್ನಡ ಫಾಂಟನ್ನು ಹಾಕಿಕೊಡುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ತಾರೀಖು, ಹೊತ್ತು, ಫೋನ್ ನಂಬರುಗಳನ್ನು ಚುಕ್ಕಿಯ ಅಂಕಿಗಳಲ್ಲಿ ಹಾಕಿ, ಭಾಗವತರ, ಕಲಾವಿದರ ಹೆಸರುಗಳನ್ನೂ ಪ್ರಸಂಗದ ವಿವರವನ್ನೂ ಸಾಮಾನ್ಯ ಅಚ್ಚಿನಲ್ಲಿ ಬಿಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಕರಪತ್ರದಲ್ಲಿ ಪ್ರಸಂಗದ ಹೆಸರನ್ನು ಜನ ತಡಕಾಡಿ ಓದುವಂತಾಗಬಾರದು. ಶೀರ್ಷಿಕೆಯಾದರೂ ಚುಕ್ಕಿಯಲ್ಲೇ ಬರಬೇಕೆಂದರೆ ನೀವೇ ಬರೆದುಕೊಳ್ಳಬೇಕು. ಚೌಕುಳಿ ಕಾಗದದಲ್ಲಿ 24 ಅಥವಾ 32 ಅಡ್ಡಸಾಲು ಹಾಕಿ, ಕೆಳಗಿನ ಮೂರನೆಯ ಒಂದು ಭಾಗವನ್ನು ಒತ್ತಕ್ಷರಕ್ಕೆಂದು ಮೊದಲೇ ಕಾಯ್ದಿರಿಸಿ, ಅನಂತರ ಒಡಲನ್ನು ಬರೆಯಿರಿ. ಒಡಲು ಬರೆದ ಮೇಲೆ ಒತ್ತಿಗೆ ಜಾಗ ಹುಡುಕುವವರ ಬರಹದಲ್ಲಿ ಸಾಲುಗಳು ಒಂದಕ್ಕೊಂದು ತಾಗುತ್ತವೆ. ಅಗ್ಗದ ಕಾಗದದಲ್ಲಿ ಶಾಯಿ ಹರಡುವುದರಿಂದ ಚುಕ್ಕಿಯ ಅಗಲವು ಚೌಕದ ಮುಕ್ಕಾಲು ಭಾಗದಷ್ಟಿರಲಿ. ಅದಕ್ಕಿಂತ ದಪ್ಪವಾದರೆ ಚುಕ್ಕಿಗಳು ಅಂಟಿಕೊಂಡು ಸಾಮಾನ್ಯ ಗೆರೆಯೇ ಆಗಿಬಿಡುತ್ತದೆ. ಬೂದುಬಣ್ಣದ ಹಿನ್ನೆಲೆಯನ್ನು ಹಾಕಬೇಡಿ, ಅಚ್ಚಿನ ಸಣ್ಣ ಚುಕ್ಕಿಗಳೂ ನಿಮ್ಮ ದೊಡ್ಡ ಚುಕ್ಕಿಗಳೂ ಸೇರಿ ಅಲೆಅಲೆಯಾಗಿ ಕಾಣುವ ಅಪಾಯವಿದೆ.

ಕನ್ನಡಕ್ಕೆ ಚುಕ್ಕಿ ಅಕ್ಷರ ನಿಜವಾಗಿ ಒದಗುವ ಕಡೆ ಬೇರೊಂದಿದೆ, ನಿಮ್ಮ ಸಂಘದ ಹೆಸರುಫಲಕಕ್ಕೆ ಅದನ್ನು ಯೋಚಿಸಿ. ತಗಡಿನಲ್ಲಿ ಅಕ್ಷರ ಕೊರೆಯುವಾಗ ‘ಠ’, ‘ಥ’ಗಳ ಒಳಗಿನ ಚುಕ್ಕಿಯ ಸುತ್ತಲಿನ ಭಾಗ, ‘ಂ’ ಸೊನ್ನೆಯ ನಡುಭಾಗ ಮುಂತಾದ ಸುತ್ತುವರಿದ ತುಂಡುಗಳು ಕಳಚಿ ಬೀಳುತ್ತವೆ; ಅವುಗಳನ್ನು ಹಿಡಿದಿಡಲು ಅಲ್ಲಲ್ಲಿ ಸೇತುವೆಯಂತೆ ತಗಡು ಬಿಡಬೇಕಾಗಿ ಅಕ್ಷರದ ಅಂದ ಕೆಡುತ್ತದೆ. ಅಕ್ಷರವನ್ನು ಬಿಡಿ ತೂತುಗಳ ಸಾಲಾಗಿ ಕೊರೆದರೆ ಬೀಳುವ ತುಂಡೇ ಇರುವುದಿಲ್ಲ. ಲೇಸರ್ ಕಟಿಂಗ್ ಮಾಡುವವರಿಗೆ ಚಿತ್ರ ಕೊಟ್ಟು, ಹಿಂದೆ ಒಂದು ದೀಪವಿಟ್ಟರೆ ರಾತ್ರಿಯೂ ಓದಬಹುದಾದ ಫಲಕ ಸಿದ್ಧವಾಗುತ್ತದೆ.

ಪ್ರಶ್ನೆ: ತೆಂಗಿನೆಣ್ಣೆಯ ಬಾಟಲಿಗಳ ಮೇಲೆ ತಾರೀಖು ಹಾಕುವ ಯಂತ್ರ ತರಿಸಿದ್ದೇವೆ. ಕೆಲವು ಬಾಟಲಿಗಳಲ್ಲಿ ಅಂಕಿಗಳು ಅಗಲವಾಗಿ, ಕೆಲವುಗಳಲ್ಲಿ ಒತ್ತಾಗಿ ಬರುತ್ತವೆ. ಏಕೆ?
– ಎಣ್ಣೆ ಗಿರಣಿಯವರು, ಪೆರ್ಲ

ಉತ್ತರ: ಆ ಯಂತ್ರ ಶಾಯಿಯ ಹನಿಗಳನ್ನು ದೂರದಿಂದ ಎಸೆಯುತ್ತದೆ, ಬಾಟಲಿಯನ್ನು ಮುಟ್ಟುವುದಿಲ್ಲ. ಹನಿಗಳಿಗೆ ವಿದ್ಯುದಂಶ ಕೊಟ್ಟು ಮೇಲೆ ಕೆಳಗೆ ತಿರುಗಿಸುವುದರಿಂದ ಅಂಕಿಯ ಎತ್ತರ ಸಿಗುತ್ತದೆ. ಅಗಲ ಮಾತ್ರ ಬಾಟಲಿ ಮುಂದೆ ಸರಿಯುವುದರಿಂದಲೇ ಆಗಬೇಕು. ಬೆಲ್ಟು ವೇಗವಾಗಿ ಓಡಿದರೆ ಚುಕ್ಕಿಗಳ ಕಂಬಸಾಲುಗಳು ದೂರದೂರ ಬೀಳುತ್ತವೆ, ನಿಧಾನವಾದರೆ ಒಟ್ಟೊಟ್ಟಾಗುತ್ತವೆ. ಬೆಲ್ಟಿನ ವೇಗವನ್ನು ಅಳೆದು ಯಂತ್ರಕ್ಕೆ ತಿಳಿಸುವ ಎನ್‌ಕೋಡರ್ ಸಡಿಲವಾಗಿದೆಯೇ ಎಂದು ಮೊದಲು ನೋಡಿ. ಬಾಟಲಿಯ ಮೇಲೆ ಎಣ್ಣೆಯ ಪಸೆಯಿದ್ದರೆ ಶಾಯಿ ಹಿಡಿಯದೆ ಚುಕ್ಕಿಗಳು ಒರೆಸಿಹೋಗುತ್ತವೆ.

ಪ್ರಶ್ನೆ: ಶಾಲೆಯಲ್ಲಿ ಕನ್ನಡ ಅಂಕಿಗಳ ಡಿಜಿಟಲ್ ಗಡಿಯಾರವನ್ನು ಮಾಡಿಸಬೇಕೆಂದಿದ್ದೇವೆ. ಆಗುವುದೇ?
– ಶಿಕ್ಷಕರು, ನೀರ್ಚಾಲು

ಉತ್ತರ: ಖಂಡಿತ ಆಗುತ್ತದೆ, ಆದರೆ ಪೇಟೆಯಲ್ಲಿ ಸಿಗುವ ಏಳು ಗೀಟಿನ ಗಡಿಯಾರದ ಬಿಡಿಭಾಗಗಳಿಂದ ಆಗದು, ನೇರ ಗೀಟುಗಳಲ್ಲಿ ೪ ಮತ್ತು ೯ರ ಬಳುಕು ಬರುವುದಿಲ್ಲ. ಚುಕ್ಕಿಯ ಫಲಕವನ್ನೇ ತೆಗೆದುಕೊಳ್ಳಿ. ಅಂಕಿಗಳಿಗೆ ಒತ್ತು, ಗುಡಿಸು ಏನೂ ಇಲ್ಲದಿರುವುದರಿಂದ ಒಂದೇ ಪಿ10 ಫಲಕದ 16 ಸಾಲುಗಳು ಧಾರಾಳವಾಗಿ ಸಾಕು, ಗಂಟೆ ಮತ್ತು ನಿಮಿಷದ ನಾಲ್ಕು ಅಂಕಿಗಳು ಅದರ 32 ಕಂಬಸಾಲುಗಳಲ್ಲಿ ಏಳೇಳರಂತೆ ಹಿಡಿಸಿ, ನಡುವಿನ ಎರಡು ಚುಕ್ಕಿಗಳಿಗೂ ಜಾಗ ಉಳಿಯುತ್ತದೆ. ಎರಡು ಕಡೆ ಎಚ್ಚರ ಬೇಕು: ೧ರ ಕೆಳಗಿನ ಬಾಯಿಯನ್ನು ಎರಡು ಚುಕ್ಕಿಗಳಷ್ಟಾದರೂ ತೆರೆದಿಡದಿದ್ದರೆ ಅದು ೦ಯಂತೆ ಕಾಣುತ್ತದೆ, ಮತ್ತು ೩ಕ್ಕೂ ೬ಕ್ಕೂ ಇರುವ ವ್ಯತ್ಯಾಸ ಕೆಳಗಿನ ಬಾಲದಲ್ಲಿಯೇ ಇರುವುದರಿಂದ ೬ರ ಬಾಲಕ್ಕೆ ಮೂರು ಸಾಲುಗಳನ್ನು ಮೀಸಲಿಡಬೇಕು. ಮಕ್ಕಳ ಕೈಯಲ್ಲೇ ಚೌಕುಳಿ ಪುಸ್ತಕದಲ್ಲಿ ಹತ್ತೂ ಅಂಕಿಗಳನ್ನು ಬರೆಸಿ, ತರಗತಿಯ ಹಿಂದಿನ ಗೋಡೆಯ ಬಳಿ ನಿಂತು ಓದಲು ಬರುವ ರೂಪಗಳನ್ನು ಆರಿಸಿಕೊಂಡು, ಅವನ್ನೇ ಗಡಿಯಾರಕ್ಕೆ ತುಂಬಿಸಿ.